ಹದಿನೈದೋ? ಐವತ್ತೋ?



ಸಂಘದ ಹುಟ್ಟುಹಬ್ಬದ ದಿನ ಡಾಕ್ಟರು ಮಾತಿಗೆ ನಿಂತರೆ ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್ ಬಂದೇ ಬರುತ್ತವೆಂದು ನೀವು ಹೆದರಿರಬಹುದು. ಊಟಕ್ಕೆ ಹೋಳಿಗೆ ಇರುವುದರಿಂದ ಆ ಮಾತು ಇವತ್ತು ಬೇಡ. ನಮ್ಮೆಲ್ಲರಿಗೂ ಅಂಟಿರುವ ಇನ್ನೊಂದು ಕಾಯಿಲೆಯ ವಿಷಯ ಹೇಳುತ್ತೇವೆ: ಒಬ್ಬರ ಇಂಗ್ಲಿಷನ್ನು ಇನ್ನೊಬ್ಬರು ಅಳೆದು ನಗುವ ಕಾಯಿಲೆ.

ಎಂ.ಬಿ.ಬಿ.ಎಸ್. ಓದುವಾಗ ಕನ್ನಡ ಮಾಧ್ಯಮದಿಂದ ಬಂದ ಸಹಪಾಠಿಯೊಬ್ಬ ‘ಯೆಕ್ಸ್-ರೇ’ ಎಂದಾಗ ನಾವೆಲ್ಲ ನಕ್ಕಿದ್ದೆವು. ಪದದ ಮೊದಲ ‘ಎ’ಕಾರಕ್ಕೆ ಒಂದು ‘ಯ’ಕಾರ ಸೇರಿಸುವುದು ಕನ್ನಡದ ನಾಲಿಗೆಗೆ ಸಹಜವೆಂದು ಆಗ ನಮಗೆ ಹೊಳೆಯಲಿಲ್ಲ. ಆಮೇಲೆ ಅವನು ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಆ ಮೌನಕ್ಕೆ ನಾವೇ ಕಾರಣ.

ಅಮೆರಿಕಕ್ಕೆ ಬಂದ ಮೇಲೆ ನಮ್ಮ ಸರದಿ. ರೆಸಿಡೆನ್ಸಿಯ ಒಂದು ರಾತ್ರಿ ಫೋನಿನಲ್ಲಿ ‘ಫಿಫ್ಟೀನ್ ಮಿಲಿಗ್ರಾಂ’ ಎಂದೆವು. ನರ್ಸಿಗೆ ಕೇಳಿಸಿದ್ದು ‘ಫಿಫ್ಟಿ’. ನಾವು ಒತ್ತು ಕೊಟ್ಟದ್ದು ಪದದ ಮೊದಲಿಗೆ; ಇಲ್ಲಿಯವರು ಕೊನೆಗೆ ಕೊಡುತ್ತಾರೆ. ಆಕೆ ಹೇಳಿದ್ದನ್ನು ಮರಳಿ ಓದಿದ್ದರಿಂದ ರೋಗಿ ಉಳಿದುಕೊಂಡರು, ನಾವೂ ಉಳಿದುಕೊಂಡೆವು. ಆಕೆ ನಗಲಿಲ್ಲ. “ಇನ್ನು ಮೇಲೆ ‘ಒನ್ ಫೈವ್’ ಎನ್ನಿ” ಎಂದರು, ಅಷ್ಟೆ. ಇಂದಿಗೂ ಹಾಗೆಯೇ ಹೇಳುತ್ತೇವೆ.

2004ರಿಂದ 2020ರವರೆಗೆ ಹೊರದೇಶಗಳಲ್ಲಿ ಓದಿ ಬಂದ ವೈದ್ಯರು ಎದುರಿಸಬೇಕಿದ್ದ ‘ಸ್ಟೆಪ್ 2 ಸಿ.ಎಸ್.’ ಪರೀಕ್ಷೆಯಲ್ಲಿ ರೋಗಿಯ ಪಾತ್ರ ಮಾಡುವವರು ನಮ್ಮ ಇಂಗ್ಲಿಷಿಗೂ ಅಂಕ ಹಾಕುತ್ತಿದ್ದರು. ಮಾತು ಸ್ಪಷ್ಟವಾಗಿದೆಯೇ, ಮತ್ತೆ ಮತ್ತೆ ಹೇಳಿಸಬೇಕಾಯಿತೇ ಎಂಬುದು ಅಲ್ಲಿಯ ಅಳತೆ. ಅಮೆರಿಕನ್ನರಂತೆ ಮಾತಾಡಬೇಕೆಂದು ಅವರು ಕೇಳಲಿಲ್ಲ. ಅದನ್ನು ಕೇಳುವವರು ನಾವೇ.

ಇದರ ಬೆಲೆ ಏನೆಂದು ಕ್ಲಿನಿಕ್ಕಿನಲ್ಲಿ ಕಂಡೆವು. ಊರಿನಿಂದ ಬಂದ ತಾಯಿಯೊಬ್ಬರ ಪರವಾಗಿ ಮಗನೇ ಎಲ್ಲ ಪ್ರಶ್ನೆಗೂ ಉತ್ತರ ಕೊಟ್ಟರು. ಅವರು ಹೊರಗೆ ಹೋದಾಗ ನಾವು ಕನ್ನಡದಲ್ಲಿ ಕೇಳಿದೆವು. “ಎರಡು ವಾರದಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತಪ್ಪ” ಎಂದರು. ಮೊದಲೇ ಏಕೆ ಹೇಳಲಿಲ್ಲ ಎಂದರೆ, “ನಾನು ಇಂಗ್ಲಿಷ್ ಮಾತಾಡಿದರೆ ಮೊಮ್ಮಕ್ಕಳು ನಗ್ತಾರೆ. ಇಲ್ಲಿ ಯಾಕೆ ಬಾಯಿ ಬಿಡಲಿ?” ಎಂದರು.

ಬಂಧುಗಳೇ, ಇಂಗ್ಲಿಷ್ ಚೆನ್ನಾಗಿ ಕಲಿಯೋಣ, ಹದಿನೈದು ಐವತ್ತಾಗಬಾರದು. ಅಗತ್ಯವಿದ್ದಾಗ ತಿದ್ದೋಣ, ಆ ನರ್ಸ್ ತಿದ್ದಿದ ಹಾಗೆ. ಅಪ್ಪ ಅಮ್ಮ ಆಸ್ಪತ್ರೆಗೆ ಬಂದರೆ ದುಭಾಷಿಯನ್ನು ಕೇಳಿ. ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. ಅದು ದಾಕ್ಷಿಣ್ಯವಲ್ಲ, ಹಕ್ಕು. ಮಕ್ಕಳೇ, ಅಜ್ಜಿಯ ಇಂಗ್ಲಿಷ್ ಕೇಳಿ ನಗು ಬಂದರೆ, ನಿಮ್ಮ ಕನ್ನಡ ಕೇಳಿ ಅಜ್ಜಿ ಒಮ್ಮೆಯೂ ನಗಲಿಲ್ಲವೆಂದು ನೆನೆಯಿರಿ.