ಕಾಲುವೆಗಳ ಊರು ಆಮ್‌ಸ್ಟರ್‌ಡ್ಯಾಮ್: ಏನು ನೋಡಬೇಕು, ಏಕೆ ನೋಡಬೇಕು

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ಹಳೆಯ ವಿದ್ಯಾರ್ಥಿಗಳ ಸಂಘ ಏರ್ಪಡಿಸಿದ್ದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಫ್ಟ್‌ವೇರ್ ಕೆಲಸದವರನ್ನು ಶಾಲೆಗೆ ಕರೆದರೆ ಸಾಮಾನ್ಯವಾಗಿ ‘ಜೀವನದಲ್ಲಿ ಯಶಸ್ಸು’ ಎಂಬ ವಿಷಯ ಕೊಡುತ್ತಾರೆ. ಆ ವಿಷಯದ ಮೇಲೆ ನನಗಿಂತ ಚೆನ್ನಾಗಿ ಮಾತಾಡುವವರು ಯೂಟ್ಯೂಬಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾಗಿ ಸಂಘದವರನ್ನು ಕೇಳಿಕೊಂಡು ಬೇರೆ ವಿಷಯ ಆರಿಸಿಕೊಂಡೆ. ಕಂಪನಿಯ ಕೆಲಸದ ಮೇಲೆ ಹತ್ತು ತಿಂಗಳು ನೆದರ್‌ಲ್ಯಾಂಡ್ಸ್ ದೇಶದ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ದೆ. ಶನಿವಾರ, ಭಾನುವಾರ ಊರು ಸುತ್ತುವುದೇ ನನ್ನ ಕೆಲಸ. ಆ ಊರಿಗೆ ಹೋದವರು ಏನೇನು ನೋಡುತ್ತಾರೆ ಎಂಬುದನ್ನು ನಿಮಗೆ ಹೇಳುತ್ತೇನೆ. ಕೊನೆಯಲ್ಲಿ ನಮ್ಮ ಊರಿನ ವಿಚಾರವನ್ನೂ ಸ್ವಲ್ಪ ಹೇಳುತ್ತೇನೆ. ಎರಡಕ್ಕೂ ಸಂಬಂಧವಿದೆ.

ಮೊದಲು ವಿಮಾನ ನಿಲ್ದಾಣದಿಂದಲೇ ಶುರು ಮಾಡೋಣ. ನಾವು ಓದುವಾಗ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಮಾರತ್ತಹಳ್ಳಿಯ ತಲೆಯ ಮೇಲೆಯೇ ಹೋಗುತ್ತಿದ್ದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೆ ಆ ಸದ್ದು ನಿಂತಿತು. ಆಮ್‌ಸ್ಟರ್‌ಡ್ಯಾಮ್‌ನ ನಿಲ್ದಾಣದ ಹೆಸರು ಸ್ಖಿಪೋಲ್. ಅದು ಸಮುದ್ರ ಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗಿದೆ. ಅಲ್ಲಿ ಮೊದಲು ಒಂದು ದೊಡ್ಡ ಸರೋವರವಿತ್ತು. ಉಗಿಯಂತ್ರದ ಪಂಪುಗಳಿಂದ ನೀರೆತ್ತಿ 1852ರಲ್ಲಿ ಅದನ್ನು ಪೂರ್ತಿ ಬರಿದು ಮಾಡಿದರು. ಅಂದರೆ ಆ ಊರಿಗೆ ಹೋದವರು ಮೊದಲು ಕಾಲಿಡುವುದೇ ಸರೋವರದ ತಳದಲ್ಲಿ. ಕೆರೆಯ ಮೇಲೆ ಕಟ್ಟುವುದರಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ ಬಿಡಿ. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ವ್ಯತ್ಯಾಸ ಒಂದೇ. ಅವರು ಇಂದಿಗೂ ಹಗಲು ರಾತ್ರಿ ಆ ನೀರಿನ ಲೆಕ್ಕ ಇಡುತ್ತಾರೆ.

ಊರಿನ ಹೆಸರಿನಲ್ಲೇ ಅದರ ಕಥೆ ಇದೆ. ಆಮ್‌ಸ್ಟೆಲ್ ಎಂಬ ನದಿಗೆ ಕಟ್ಟಿದ ಡ್ಯಾಮ್, ಅದೇ ಆಮ್‌ಸ್ಟರ್‌ಡ್ಯಾಮ್. ಈ ಹೆಸರು ಮೊದಲು ಕಾಣಿಸುವುದು 1275ರ ಒಂದು ಸುಂಕದ ಪತ್ರದಲ್ಲಿ. ಕಟ್ಟೆ ಇದ್ದ ಜಾಗದ ಹೆಸರು ಈಗಲೂ ‘ಡ್ಯಾಮ್’. ಅದು ಊರಿನ ನಡುಮಧ್ಯದ ಚೌಕ. ಸೆಂಟ್ರಲ್ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುತ್ತದೆ.

ಆ ಚೌಕದಲ್ಲಿ ನೋಡಬೇಕಾದದ್ದು ಅರಮನೆ. 1648ರಲ್ಲಿ ಕಟ್ಟಲು ಶುರು ಮಾಡಿದಾಗ ಅದು ರಾಜನ ಮನೆಯಾಗಿರಲಿಲ್ಲ, ಊರಿನ ಪುರಭವನ. ಕೆಳಗಿನ ನೆಲವೆಲ್ಲ ಕೆಸರು. ಅದಕ್ಕೆ ಉದ್ದನೆಯ ಮರದ ಕಂಬಗಳನ್ನು ಆಳಕ್ಕೆ ಬಡಿದು ಇಳಿಸಿ ಅವುಗಳ ಮೇಲೆ ಕಲ್ಲಿನ ಕಟ್ಟಡ ನಿಲ್ಲಿಸಿದರು. ಎಷ್ಟು ಕಂಬ ಗೊತ್ತೇ? ಅಲ್ಲಿನ ಶಾಲೆಯ ಮಕ್ಕಳು ನೆನಪಿಟ್ಟುಕೊಳ್ಳುವ ರೀತಿ ಹೇಳಿಕೊಡುತ್ತೇನೆ. ವರ್ಷಕ್ಕೆ ದಿನ 365. ಅದರ ಮುಂದೆ 1, ಹಿಂದೆ 9 ಸೇರಿಸಿ. 13,659 ಕಂಬಗಳು. ಹಳೆಯ ಊರಿನ ಮನೆಗಳೂ ಹೀಗೆಯೇ ಕಂಬಗಳ ಮೇಲೆ ನಿಂತಿವೆ. ಇಲ್ಲೊಂದು ವಿಜ್ಞಾನದ ಪಾಠವಿದೆ. ಮರ ನೀರಿನೊಳಗೆ ಪೂರ್ತಿ ಮುಳುಗಿದ್ದರೆ ಗಾಳಿ ತಾಗುವುದಿಲ್ಲ, ಹಾಗಾಗಿ ಬೇಗ ಕೊಳೆಯುವುದಿಲ್ಲ. ನೀರು ಇಳಿದು ಕಂಬದ ತಲೆಗೆ ಗಾಳಿ ತಾಗಿತೋ, ಕೊಳೆಯಲು ಶುರು. ಆದ್ದರಿಂದ ಕಾಲುವೆಯ ನೀರು ಹೆಚ್ಚಾದರೆ ಮನೆಗೆ ನುಗ್ಗುತ್ತದೆ, ಕಡಿಮೆಯಾದರೆ ಮನೆಯ ಬುಡವೇ ಹಾಳಾಗುತ್ತದೆ.

ಇನ್ನು ಆ ಕಾಲುವೆಗಳು. 17ನೆಯ ಶತಮಾನದಲ್ಲಿ ಊರು ಬೆಳೆಯುವಾಗ ಹಳೆಯ ಊರನ್ನು ಸುತ್ತುವರಿದು, ಒಂದರ ಹೊರಗೆ ಒಂದರಂತೆ ಮೂರು ದೊಡ್ಡ ಕಾಲುವೆ ತೋಡಿದರು. ಹೇರೆನ್‌ಖ್ರಾಖ್ಟ್, ಕೈಜರ್ಸ್‌ಖ್ರಾಖ್ಟ್, ಪ್ರಿನ್ಸೆನ್‌ಖ್ರಾಖ್ಟ್. ಖ್ರಾಖ್ಟ್ ಎಂದರೆ ಊರೊಳಗಿನ ಕಾಲುವೆ. ಮೂರರ ಹೆಸರು ಕ್ರಮವಾಗಿ ಯಜಮಾನರ ಕಾಲುವೆ, ಚಕ್ರವರ್ತಿಯ ಕಾಲುವೆ, ರಾಜಕುಮಾರನ ಕಾಲುವೆ. ನಮ್ಮಲ್ಲಿ ಮಳೆನೀರಿನ ದೊಡ್ಡ ಕಾಲುವೆಗೆ ರಾಜಕಾಲುವೆ ಎನ್ನುತ್ತೇವೆ, ನೆನಪಿಟ್ಟುಕೊಳ್ಳಿ. ಈ ಕಾಲುವೆಗಳ ವರ್ತುಲವನ್ನು 2010ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗಂಟೆಯ ಲೆಕ್ಕದ ದೋಣಿ ಸವಾರಿ ಸಿಗುತ್ತದೆ, ಸಂಜೆ ದೀಪ ಹತ್ತಿದ ಮೇಲೆ ಹೋದರೆ ಒಳ್ಳೆಯದು. ಹಣ ಉಳಿಸಬೇಕೆಂದರೆ ದಂಡೆಯ ಮೇಲೆ ನಡೆಯಿರಿ, ಅದು ಪುಕ್ಕಟೆ. ತಲೆ ಎತ್ತಿ ನೋಡಿದರೆ ಪ್ರತಿ ಮನೆಯ ತುದಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ಮನೆ ಕಿರಿದು, ಮೆಟ್ಟಿಲು ಇನ್ನೂ ಕಿರಿದು. ಮಂಚ, ಬೀರು ಎಲ್ಲವನ್ನೂ ಹಗ್ಗ ಕಟ್ಟಿ ಹೊರಗಿನಿಂದಲೇ ಎಳೆದು ಕಿಟಕಿಯಲ್ಲಿ ಒಳಗೆ ಹಾಕುತ್ತಾರೆ. ನೀರಿನ ಮೇಲೆ ಸುಮಾರು 2,500 ದೋಣಿಮನೆಗಳೂ ಇವೆ. ಅವು ಪ್ರವಾಸಿಗರಿಗೆ ಮಾತ್ರವಲ್ಲ, ಜನ ಅಲ್ಲೇ ಸಂಸಾರ ಮಾಡುತ್ತಾರೆ.

ಪ್ರಿನ್ಸೆನ್‌ಖ್ರಾಖ್ಟ್ ದಂಡೆಯ 263ನೆಯ ನಂಬರಿನ ಕಟ್ಟಡವನ್ನು ಮಕ್ಕಳಾದ ನೀವು ನೋಡಲೇಬೇಕು. ಆನ್ ಫ್ರಾಂಕ್ ಎಂಬ ಯಹೂದಿ ಹುಡುಗಿ, ಹದಿಮೂರನೆಯ ಹುಟ್ಟುಹಬ್ಬಕ್ಕೆ ಒಂದು ಡೈರಿ ಉಡುಗೊರೆಯಾಗಿ ಸಿಕ್ಕಿತು. ಕೆಲವೇ ವಾರಗಳಲ್ಲಿ, 1942ರ ಜುಲೈನಲ್ಲಿ, ನಾಜಿಗಳಿಂದ ತಪ್ಪಿಸಿಕೊಳ್ಳಲು ಅವಳ ಮನೆಯವರು ಈ ಕಟ್ಟಡದ ಹಿಂಭಾಗದಲ್ಲಿ ಅಡಗಿಕೊಂಡರು. ಒಟ್ಟು ಎಂಟು ಜನ, ಎರಡು ವರ್ಷ. ಬಾಗಿಲಿಗೆ ಅಡ್ಡವಾಗಿ ಪುಸ್ತಕದ ಕಪಾಟು. ಹಗಲು ಹೊತ್ತು ಕೆಮ್ಮಲೂ ಹೆದರಬೇಕು. 1944ರ ಆಗಸ್ಟ್ 4ರಂದು ಹಿಡಿದುಕೊಂಡು ಹೋದರು. ಮುಂದಿನ ವರ್ಷ ಸೆರೆಶಿಬಿರದಲ್ಲಿ ಅವಳು ತೀರಿಕೊಂಡಾಗ ಹದಿನೈದು ವರ್ಷ. ಅಂದರೆ ನಮ್ಮ ಹತ್ತನೆಯ ತರಗತಿಯ ಹುಡುಗಿಯರ ವಯಸ್ಸು. ಬದುಕಿ ಬಂದವರು ಅವಳ ತಂದೆ ಒಬ್ಬರೇ. ಯುದ್ಧ ಮುಗಿದ ಮೇಲೆ ಈ ಕಟ್ಟಡವನ್ನು ಕೆಡವುವ ಮಾತು ನಡೆದಿತ್ತು. ಊರಿನವರು ಬೇಡವೆಂದು ನಿಂತು ಉಳಿಸಿಕೊಂಡರು. 1960ರಿಂದ ಅದು ವಸ್ತುಸಂಗ್ರಹಾಲಯ. ಟಿಕೆಟನ್ನು ಮುಂಚಿತವಾಗಿ ಆನ್‌ಲೈನಿನಲ್ಲೇ ಕೊಳ್ಳಬೇಕು. ಒಳಗೆ ಯಾರೂ ಜೋರಾಗಿ ಮಾತಾಡುವುದಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಹೋದರೆ ರೈಕ್ಸ್‌ಮ್ಯೂಸಿಯಂ. 1885ರಲ್ಲಿ ತೆರೆದ ಕಟ್ಟಡ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಎಂಬ ಚಿತ್ರ ಇರುವುದು ಇಲ್ಲಿ, ಒಂದು ಗೋಡೆಯಷ್ಟು ದೊಡ್ಡದು. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಈ ಕಟ್ಟಡದ ಹೊಟ್ಟೆಯ ಮೂಲಕವೇ ಸೈಕಲ್ ದಾರಿ ಇದೆ. ಕಟ್ಟಡದ ದುರಸ್ತಿ ನಡೆದಾಗ ಆ ದಾರಿಯನ್ನು ಮೊದಲಿನಂತೆ ಬಿಡುವುದು ಬೇಡ ಎಂಬ ಯೋಚನೆ ಬಂತು. ಸೈಕಲ್ ಸವಾರರು ಒಪ್ಪಲಿಲ್ಲ. 2013ರಲ್ಲಿ ಮತ್ತೆ ತೆರೆದಾಗ ದಾರಿ ಹಾಗೆಯೇ ಉಳಿದಿತ್ತು. ಪಕ್ಕದಲ್ಲೇ ವ್ಯಾನ್ ಗೋ ಮ್ಯೂಸಿಯಂ. ಬಡತನದಲ್ಲೇ ತೀರಿಕೊಂಡ ಆ ಕಲಾವಿದನ ಇನ್ನೂರಕ್ಕೂ ಹೆಚ್ಚು ವರ್ಣಚಿತ್ರಗಳನ್ನು ಅವನ ತಮ್ಮನ ಹೆಂಡತಿ, ಆಮೇಲೆ ಅವಳ ಮಗ ಕಾಪಾಡಿದ್ದರಿಂದ ನಾವು ಇಂದು ಅವನ್ನು ಒಂದೇ ಕಡೆ ನೋಡಬಹುದು.

ಇಷ್ಟೆಲ್ಲ ಕಟ್ಟಲು ಹಣ ಎಲ್ಲಿಂದ ಬಂತು ಎಂದು ಕೇಳಬೇಕು. ನಮ್ಮ ಸಮಾಜ ವಿಜ್ಞಾನದ ಪುಸ್ತಕದಲ್ಲೇ ಉತ್ತರವಿದೆ. 1602ರಲ್ಲಿ ಶುರುವಾದ ಡಚ್ ಈಸ್ಟ್ ಇಂಡಿಯಾ ಕಂಪನಿ. ಅವರು 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡರು, ನಮ್ಮ ಕರಾವಳಿಯ ಬಸರೂರಿನಲ್ಲೂ ವ್ಯಾಪಾರ ಮಾಡಿದರು. ಕಾಲುವೆ ದಂಡೆಯ ಚಂದದ ಮನೆಗಳಲ್ಲಿ ನಮ್ಮ ಕಡೆಯ ಮೆಣಸಿನ ಹಣವೂ ಇದೆ, ಗುಲಾಮರ ಮಾರಾಟದ ಹಣವೂ ಇದೆ. ಗುಲಾಮಗಿರಿಯಲ್ಲಿ ಊರಿನ ಪಾತ್ರವಿತ್ತೆಂದು ಒಪ್ಪಿ 2021ರ ಜುಲೈ 1ರಂದು ಅಲ್ಲಿನ ಮೇಯರ್ ಬಹಿರಂಗವಾಗಿ ಕ್ಷಮೆ ಕೇಳಿದರು. ನೋಡಲು ಹೋದವರು ಇದನ್ನೂ ತಿಳಿದಿರಬೇಕು.

ಪ್ರವಾಸಿಗಳು ಹೆಚ್ಚಾಗಿ ಹೋಗದ ಒಂದು ಜಾಗ ಹೇಳುತ್ತೇನೆ. ಪುರಸಭೆಯ ಕಟ್ಟಡದೊಳಗೆ ನೀರು ತುಂಬಿದ ಎತ್ತರದ ಗಾಜಿನ ಕೊಳವೆಗಳಿವೆ. ಎರಡರಲ್ಲಿ ಈ ಕ್ಷಣ ಸಮುದ್ರ ಎಷ್ಟು ಎತ್ತರದಲ್ಲಿದೆ ಎಂದು ಕಾಣುತ್ತದೆ. ಮೂರನೆಯದು ತಲೆಗಿಂತ ಬಹಳ ಮೇಲಕ್ಕೆ ಹೋಗುತ್ತದೆ. 1953ರ ಪ್ರವಾಹದಲ್ಲಿ ನೀರು ಏರಿದ ಮಟ್ಟ ಅದು. ಆ ರಾತ್ರಿ ಅವರ ದೇಶದಲ್ಲಿ 1,836 ಜನ ಸತ್ತರು. ಕೆಳಗೆ ಒಂದು ಕಂಚಿನ ಗುಬಟು ಇದೆ. ಅದೇ ಸೊನ್ನೆ ಮಟ್ಟ. ಯುರೋಪಿನ ಹಲವು ದೇಶಗಳು ಎತ್ತರ ಅಳೆಯುವುದು ಈ ಆಮ್‌ಸ್ಟರ್‌ಡ್ಯಾಮ್ ಮಟ್ಟದಿಂದಲೇ. ನೀರಿನ ಲೆಕ್ಕವನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟಿದ್ದಾರೆ. ಅಲ್ಲಿ ನೀರಿಗೆಂದೇ ಪ್ರತ್ಯೇಕ ಮಂಡಳಿಗಳಿವೆ, ಅವಕ್ಕೆ ಚುನಾವಣೆ ನಡೆಯುತ್ತದೆ, ಪ್ರತಿ ಮನೆಯವರೂ ತೆರಿಗೆ ಕಟ್ಟುತ್ತಾರೆ. ಈ ಪದ್ಧತಿ 13ನೆಯ ಶತಮಾನದಷ್ಟು ಹಳೆಯದು.

ಹಾಗೆಂದು ಅವರು ಹುಟ್ಟಿನಿಂದಲೇ ಬುದ್ಧಿವಂತರು, ನಾವು ದಡ್ಡರು ಎಂದು ದಯವಿಟ್ಟು ತಿಳಿಯಬೇಡಿ. ಶತಮಾನಗಳ ಕಾಲ ಅವರ ಕಾಲುವೆಗಳು ತೆರೆದ ಚರಂಡಿಯಾಗಿದ್ದವು. ಬೇಸಿಗೆಯಲ್ಲಿ ನಾತ ತಡೆಯಲಾಗದೆ ಹಣವಂತರು ಹಳ್ಳಿಯ ಮನೆಗಳಿಗೆ ಹೋಗಿಬಿಡುತ್ತಿದ್ದರು. ಹಲವು ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. ಅರಮನೆಯ ಹಿಂದಿನ ದೊಡ್ಡ ರಸ್ತೆ 1884ರವರೆಗೆ ಕಾಲುವೆಯಾಗಿತ್ತು. 1954ರಲ್ಲಿ ಊರಿನ ಪೊಲೀಸ್ ಮುಖ್ಯಸ್ಥರೇ, ಕಾರುಗಳಿಗೆ ಜಾಗ ಸಾಲದು, ಇನ್ನಷ್ಟು ಕಾಲುವೆ ಮುಚ್ಚೋಣ ಎಂದು ಯೋಜನೆ ಮುಂದಿಟ್ಟರು. ಜನ ವಿರೋಧಿಸಿದರು, ಯೋಜನೆ ಬಿದ್ದುಹೋಯಿತು. ಆಮೇಲೆ ದಂಡೆಯ ಮನೆಗಳ ಕೊಳಕು ನೀರನ್ನು ಒಳಚರಂಡಿಗೆ ತಿರುಗಿಸುತ್ತಾ ಬಂದರು, ದೋಣಿಮನೆಗಳನ್ನೂ ಸೇರಿಸಿದರು. 2012ರಲ್ಲಿ ಊರಿನ ಕಾಲುವೆಯಲ್ಲಿ ಸಾರ್ವಜನಿಕ ಈಜು ನಡೆಯಿತು, ಈಗ ರಾಣಿಯಾಗಿರುವ ಮಾಕ್ಸಿಮಾ ಕೂಡ ಈಜಿದರು. ಇವತ್ತಿಗೂ ಅದೇ ನೀರಿನಿಂದ ವರ್ಷಕ್ಕೆ ಸಾವಿರಾರು ಹಳೆಯ ಸೈಕಲ್ ಎತ್ತುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇನೆ. ಜನ ಎಲ್ಲ ಕಡೆಯೂ ಜನವೇ.

ಈಗ ನಮ್ಮ ಊರು. ನಿಮ್ಮಲ್ಲಿ ಅನೇಕರು ‘ವರ್ತೂರು ಕೋಡಿ’ ಬಸ್ ಸ್ಟಾಪಿನಲ್ಲಿ ಇಳಿದಿರುತ್ತೀರಿ. ಕೋಡಿ ಎಂದರೆ ಏನು? ಕೆರೆ ತುಂಬಿದಾಗ ಹೆಚ್ಚಾದ ನೀರು ಕಟ್ಟೆ ಒಡೆಯದಂತೆ ಹೊರಗೆ ಹೋಗುವ ಜಾಗ. ತೂಬು ಎಂದರೆ ಗದ್ದೆಗೆ ನೀರು ಬಿಡುವ ಬಾಗಿಲು. ತೂಬು ತೆಗೆದು ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಡಚ್ಚರ ನೀರಿನ ಮಂಡಳಿ ಮಾಡುವ ಕೆಲಸವನ್ನು ನಮ್ಮ ಪ್ರತಿ ಊರಿನಲ್ಲೂ ಅವನು ಮಾಡುತ್ತಿದ್ದ. ಒಂದು ಕೆರೆಯ ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಮುಂದಿನ ಕೆರೆಗೆ. ಹೀಗೆ ಕೋರಮಂಗಲ, ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ನಮ್ಮ ಸುತ್ತಲೂ ಮುನ್ನೇಕೊಳಾಲ, ದೊಡ್ಡನೆಕ್ಕುಂದಿ, ಕುಂದಲಹಳ್ಳಿ, ಚಿನ್ನಪ್ಪನಹಳ್ಳಿ, ಎಲ್ಲ ಕಡೆಯೂ ಕೆರೆಗಳು.

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಬಂದದ್ದನ್ನು, 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಆ ಕೆರೆಯಲ್ಲಿ ಬೆಂಕಿ ಹೊತ್ತಿದ್ದನ್ನು ಪ್ರಪಂಚವೆಲ್ಲ ನೋಡಿತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಮ್ಮ ಔಟರ್ ರಿಂಗ್ ರೋಡ್ ಕೆರೆಯಾಯಿತು. ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ನಮ್ಮಂಥವರು ಟಿವಿಯಲ್ಲಿ ಬಂದೆವು. ತಗಡಿನ ಶೆಡ್ಡುಗಳಲ್ಲಿ ಇರುವವರು, ಕಲಬುರಗಿ, ರಾಯಚೂರು, ಯಾದಗಿರಿಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಅಷ್ಟಾಗಿ ಕಾಣಿಸಲಿಲ್ಲ. ಅಂಥ ಮನೆಗಳ ಮಕ್ಕಳು ಈಗ ನನ್ನ ಮುಂದೆ ಕುಳಿತಿದ್ದೀರಿ. ನೀರು ನುಗ್ಗಿದಾಗ ಅಕ್ಕಿ, ಹಾಸಿಗೆ, ಪಠ್ಯಪುಸ್ತಕ ಯಾವುದೂ ಉಳಿಯುವುದಿಲ್ಲ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಎಂಜಿನಿಯರ್ ಆಗಿ ನನಗೆ ತೀರಾ ವಿಚಿತ್ರ ಅನಿಸುವುದು ಇದು. ಆಮ್‌ಸ್ಟರ್‌ಡ್ಯಾಮ್ ಸಮುದ್ರದ ಮಟ್ಟದಲ್ಲಿದೆ, ಕೆಲವು ಕಡೆ ಅದಕ್ಕಿಂತಲೂ ಕೆಳಗಿದೆ. ಅವರು ನೀರನ್ನು ಪಂಪ್ ಹಾಕಿ ಎತ್ತಿ ಹೊರಗೆ ಹಾಕಬೇಕು, ಬೇರೆ ದಾರಿಯಿಲ್ಲ. ಬೆಂಗಳೂರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ತಾನಾಗಿಯೇ ಇಳಿದು ಹೋಗುತ್ತದೆ. ನಾವು ಅದಕ್ಕೆ ದಾರಿ ಬಿಟ್ಟರೆ ಸಾಕು. ಆ ದಾರಿಯ ಹೆಸರೇ ರಾಜಕಾಲುವೆ.

ಕೆಲಸ ಆಗುತ್ತಲೇ ಇಲ್ಲ ಎಂದಲ್ಲ. 2018ರಿಂದ ಇದೇ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಕಳಿಸುತ್ತಿದ್ದಾರೆ. ಬೆಳ್ಳಂದೂರು, ವರ್ತೂರು ಕೆರೆಗಳ ಹೂಳೆತ್ತುವ ಕೆಲಸ ನಡೆದಿದೆ. ಆದರೆ ಊರಿನವರು ಲೆಕ್ಕ ಕೇಳುತ್ತಿದ್ದರೆ ಮಾತ್ರ ಇಂಥ ಕೆಲಸ ಪೂರ್ತಿಯಾಗುತ್ತದೆ.

ಅದಕ್ಕೆ ಸಂಘದ ಮುಂದೆ ಒಂದು ಸಣ್ಣ ಸಲಹೆ ಇಡುತ್ತೇನೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು, ಫಲಕ ಎಲ್ಲ ಆಗಲಿ. ಜೊತೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಒಂಬತ್ತನೆಯ ತರಗತಿಯ ಮಕ್ಕಳು ಮೇಷ್ಟ್ರ ಜೊತೆ, ಹಳೆಯ ವಿದ್ಯಾರ್ಥಿಗಳ ಜೊತೆ ಒಂದು ನಡಿಗೆ ಹೋಗಲಿ. ಶಾಲೆಯ ಗೇಟಿನ ಮುಂದೆ ಬಿದ್ದ ಮಳೆನೀರು ಯಾವ ಮೋರಿಗೆ, ಯಾವ ಕಾಲುವೆಗೆ, ಯಾವ ಕೆರೆಗೆ ಹೋಗುತ್ತದೆ ಎಂದು ನಡೆದೇ ನೋಡಿ, ಒಂದು ನಕ್ಷೆ ಬರೆದು ಗೋಡೆಗೆ ಹಾಕಲಿ. ಹಳೆಯ ಗ್ರಾಮನಕ್ಷೆಯಲ್ಲಿ ಕಾಲುವೆಗಳ ಗುರುತಿದೆ. ಸರ್ಕಾರದ ‘ದಿಶಾಂಕ್’ ಆ್ಯಪಿನಲ್ಲಿ ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಎರಡನ್ನೂ ಹೋಲಿಸುವ ಕೆಲಸವನ್ನು ನಾನು ಮತ್ತು ನನ್ನ ಬ್ಯಾಚಿನ ಗೆಳೆಯರು ಮೊದಲ ವರ್ಷ ನಿಂತು ಕಲಿಸಿಕೊಡುತ್ತೇವೆ. ಪ್ರತಿ ವರ್ಷ ಹೊಸ ನಕ್ಷೆಯನ್ನು ಹಳೆಯದರ ಪಕ್ಕದಲ್ಲಿ ಹಾಕಿದರೆ, ಕಾಲುವೆ ಎಲ್ಲಿ ಕಿರಿದಾಯಿತು ಎಂದು ಯಾರೂ ಹೇಳಬೇಕಾಗಿಲ್ಲ, ಮಕ್ಕಳಿಗೇ ಕಾಣುತ್ತದೆ.

ಮಕ್ಕಳೇ, ನೀವು ಚೆನ್ನಾಗಿ ಓದಿ, ಆಮ್‌ಸ್ಟರ್‌ಡ್ಯಾಮ್‌ಗೂ ಹೋಗಿ ಬನ್ನಿ. ಕಾಲುವೆ ದಂಡೆಯಲ್ಲಿ ಫೋಟೊ ತೆಗೆಸಿಕೊಳ್ಳಿ. ಅಲ್ಲಿ ಯಾರಾದರೂ ನಿಮ್ಮ ಊರಿನಲ್ಲಿ ಕಾಲುವೆ ಇದೆಯೇ ಎಂದು ಕೇಳಿದರೆ, ಇದೆ ಎನ್ನಿ. ಅದು ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಎಂದು ಹೇಳಲು ನಿಮಗೆ ಗೊತ್ತಿರಲಿ.