ಬೆಲ್ಜಿಯಂ ಗಾಜಿನ ಪೂರ್ವೋತ್ತರ

ಥಾಣೆ, ಡೊಂಬಿವಲಿಯ ಹಳೆಯ ಮನೆಗಳ ಶೋಕೇಸಿನಲ್ಲಿ ಅಜ್ಜಿಯ ಕಾಲದ ಕೆತ್ತನೆ ಗಾಜಿನ ಬೋಗುಣಿಯೋ ಪನ್ನೀರುದಾನಿಯೋ ಕಂಡರೆ, ಅದರ ತವರು ಬೆಲ್ಜಿಯಂ ಎಂದು ಮೊದಲೇ ತೀರ್ಮಾನವಾಗಿರುತ್ತದೆ. ಮಾತು ಪೂರ್ತಿ ಸುಳ್ಳೇನಲ್ಲ. ಲಿಯೇಜ್ ನಗರದ ಬಳಿಯ ವಾಲ್ ಸೇಂಟ್ ಲಾಂಬೇರ್ ಕಾರ್ಖಾನೆ ಶುರುವಾದದ್ದೇ 1826ರಲ್ಲಿ. ಆದರೆ ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಯೂ 1840ರ ದಶಕದಲ್ಲೇ ಕಲ್ಕತ್ತೆಯಲ್ಲಿ ಮಳಿಗೆ ತೆರೆದು ನಮ್ಮ ಸಂಸ್ಥಾನಿಕರಿಗೆ ತೂಗುದೀಪ ಮಾರುತ್ತಿತ್ತು. ದೇಶದ ಹೆಸರು ಗಾಜಿನ ಗುಣವನ್ನು ಹೇಳುವುದೂ ಇಲ್ಲ. ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ಕೈಪಿಡಿ 'ಪೆರಿಪ್ಲಸ್', ಭರೂಚಿಗೆ ಬರುವ ಸರಕಿನಲ್ಲಿ ಕಚ್ಚಾ ಗಾಜನ್ನೂ ಎಣಿಸುತ್ತದೆ. ಕಚ್ಚಾ ಗಾಜು ಹೊರಗಿನದು, ಅದಕ್ಕೆ ರೂಪ ಕೊಟ್ಟ ಕೈ ಇಲ್ಲಿಯದು ಎಂದಾದರೆ, ಆ ವಸ್ತುವನ್ನು ಯಾವ ದೇಶದ್ದೆನ್ನೋಣ?

ಆದ್ದರಿಂದ ಮನೆತನದ ಮಾತಿಗಿಂತ ಪಾತ್ರೆಯ ಮೈಯನ್ನೇ ಸಾಕ್ಷಿ ಕೇಳುವುದು ಮೇಲು. 1674ರಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಪೇಟೆಂಟ್ ಪಡೆದ ಗಾಜು ಸೀಸದ ಆಕ್ಸೈಡ್ ಬೆರೆತು ತೂಕವಾಯಿತು, ಮೆದುವಾಯಿತು. ಆಳವಾಗಿ ಕೊರೆಯಲು ಒದಗಿತು. ಸಾಣೆಯಲ್ಲಿ ಕೊರೆದ ಅಂಚು ಬೆರಳಿಗೆ ಚೂಪಾಗಿ ತಾಗುತ್ತದೆ. 1820ರ ದಶಕದಲ್ಲಿ ಅಮೆರಿಕದಲ್ಲಿ ಯಂತ್ರದ ಅಚ್ಚು ಬಂದ ಮೇಲೆ ಅದೇ ನಕ್ಷೆ ಅಗ್ಗದಲ್ಲಿ ದೊರೆಯಿತು. ಆದರೆ ಅಚ್ಚೊತ್ತಿದ ಅಂಚು ಮೊಂಡು, ಜೊತೆಗೆ ಮೈಮೇಲೆ ಅಚ್ಚಿನ ಜೋಡಣೆಯ ಗೆರೆ. ತಳದ ಉಂಗುರದಲ್ಲಿ ಅಡ್ಡಾದಿಡ್ಡಿ ಗೀಚುಗಳಿದ್ದರೆ ಅದು ಬಳಕೆಯ ಗುರುತು. ಒಂದೇ ದಿಕ್ಕಿನಲ್ಲಿ ಸಾಲಾಗಿದ್ದರೆ ಯಾರೋ ಉಜ್ಜಿ ಹಳತು ಮಾಡಿದ್ದಾರೆಂದು ಸಂಶಯಪಡಬಹುದು.

ತಟ್ಟಿದರೆ ಠಣ್ ಎನ್ನುತ್ತದಲ್ಲ, ಸೀಸದ ಗಾಜೆಂದು ತಿಳಿಯಲು ಅದು ಸಾಲದೇ ಎನ್ನಬಹುದು. ಸಾಲದು. ದಪ್ಪ ಮೈಯ, ಕಿರುಬಾಯಿಯ ಹೂಜಿ ಸೀಸದ ಗಾಜಿನದಾದರೂ ಮೊದ್ದಾಗಿಯೇ ಸದ್ದು ಮಾಡುತ್ತದೆ. ಸೀಸವೇ ಇಲ್ಲದ ತೆಳು ಲೋಟ ಚೆನ್ನಾಗಿ ನಾದ ಕೊಡಬಲ್ಲದು. ಬೊಹೆಮಿಯಾದವರು ಪೊಟ್ಯಾಶ್ ಬೆರೆತ ಗಾಜಿನಲ್ಲೇ ಸೊಗಸಾದ ಕೆತ್ತನೆ ಮಾಡಿದರು. ಹಾಗೆ ನೋಡಿದರೆ, ಸೀಸವಿಲ್ಲ ಎಂದು ಮೂಗು ಮುರಿಯುವುದೂ ಬೆಲ್ಜಿಯಂ ಭ್ರಮೆಯ ಇನ್ನೊಂದು ರೂಪವೇ. ಒಂದೊಂದು ಪೈಸೆ ಕೂಡಿಸಿ ತಳೇಗಾಂವಿನಲ್ಲಿ 1908ರಲ್ಲಿ ನಿಂತ ಪೈಸಾ ಫಂಡ್ ಗಾಜಿನ ಕಾರ್ಖಾನೆಯ ವಸ್ತು ಯಾರ ಮನೆಯಲ್ಲಾದರೂ ಉಳಿದಿದ್ದರೆ, ಚರಿತ್ರೆಯ ದೃಷ್ಟಿಯಿಂದ ನಾನು ಅದಕ್ಕೇ ಮೊದಲ ಮಣೆ ಹಾಕುತ್ತೇನೆ.

ಸೀಸವೆಂದರೆ ವಿಷವಲ್ಲವೇ ಎಂಬ ಆಕ್ಷೇಪಣೆ ಹೆಚ್ಚು ಗಟ್ಟಿಯಾದದ್ದು. 1991ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಕ್ರಿಸ್ಟಲ್ ಹೂಜಿಯಲ್ಲಿ ನಾಲ್ಕು ತಿಂಗಳು ಇಟ್ಟ ವೈನಿನಲ್ಲಿ ಸೀಸ ಹಲವು ಪಟ್ಟು ಏರಿತ್ತು. ಹುಳಿ ಮತ್ತು ಕಾಲ ಸೇರಿದಾಗ ಅಪಾಯ ಹೆಚ್ಚು. ಹಾಗಾಗಿ ಉಪ್ಪಿನಕಾಯಿ, ನಿಂಬೆ ಶರಬತ್ತು ತುಂಬಿಡುವುದು ಬೇಡ. ಮಕ್ಕಳಿಗೆ, ಬಸುರಿಯರಿಗೆ ಅದರಲ್ಲಿ ಕುಡಿಯಲು ಕೊಡುವುದಂತೂ ಬೇಡವೇ ಬೇಡ. ಹೂವು, ಸಿಪ್ಪೆ ಸುಲಿಯದ ಹಣ್ಣು, ಅರಸಿನ ಕುಂಕುಮದ ದಿನ ಅಡಿಕೆ ಎಲೆ ಇಡಲು ಯಾವ ಅಡ್ಡಿ? ಬಿಸಿನೀರು ಸೋಕಿಸದೆ ತೊಳೆಯಿರಿ. ನಮ್ಮ ಖಾಡಿ ಬದಿಯ ಮಳೆಗಾಲದಲ್ಲಿ ಹೂಜಿಯೊಳಗೆ ತೇವ ಉಳಿದರೆ ಗಾಜು ಮಬ್ಬಾಗುತ್ತದೆ. ಪೂರ್ತಿ ಒಣಗುವವರೆಗೆ ಬಿರಡೆ ಹಾಕಬೇಡಿ.