ವಯಸ್ಸು ಬೇಡ, ಸ್ಥಿತಿ ನೋಡಿ

ಮುನಿರಾಬಾದಿನ ಡ್ಯಾಂ ರಸ್ತೆಯಲ್ಲಿ ಯೆಜ್ಡಿ ಸದ್ದು ಕೇಳಿದ್ರೆ ನಾನು ತಿರುಗಿ ನೋಡ್ತೀನಿ. ಕಿಕ್ಕಿಗೂ ಗೇರಿಗೂ ಒಂದೇ ಲಿವರ್! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಗಾಡಿ ಮಾತ್ರ ಇನ್ನೂ ಓಡ್ತಿದೆ. ಹೇಗೆ?

ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಇದಕ್ಕೆ ರೇಡಿಯೇಟರ್ ಇಲ್ಲ, ಬೀಸೋ ಗಾಳಿಯೇ ಇಂಜಿನ್ನಿಗೆ ತಂಪು. ಸಿಲಿಂಡರಿನ ರೆಕ್ಕೆಗಳಲ್ಲಿ ಧೂಳು, ಜಿಡ್ಡು ಕೂತರೆ ಕೊಪ್ಪಳದ ಬಿಸಿಲಲ್ಲಿ ಪಿಸ್ಟನ್ ಹಿಡ್ಕೊಳ್ಳುತ್ತೆ. ಪೆಟ್ರೋಲಿಗೆ ಆಯಿಲ್ ಬೆರೆಸೋದು ಮರೆತರೂ ಅದೇ ಗತಿ. ಅಂದ್ರೆ, ಓಡ್ತಿರೋ ಪ್ರತಿ ಯೆಜ್ಡಿಯ ಹಿಂದೆ ಒಬ್ಬರ ದುಡಿಮೆ ಇದೆ.

15 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 300ರಿಂದ 1000 ರೂಪಾಯಿಗೆ ಏರಿತು. 50 ದಾಟಿದರೆ ‘ವಿಂಟೇಜ್’ ಗೌರವ ಪಡೀಬಹುದು, ಆದ್ರೆ ಆಮೇಲೆ ದಿನಾ ಓಡಿಸೋ ಹಾಗಿಲ್ಲ.

ಹೊಗೆ ಮಿತಿ ಮೀರಿದರೆ ದಂಡ ಹಾಕಿ, ಒಪ್ತೀನಿ. ಆದರೆ ಜೋಪಾನ ಮಾಡಿದವನಿಗೆ ಗಾಡಿಯ ವಯಸ್ಸೇ ಶಿಕ್ಷೆ ಆಗಬಾರದು.